ಹೊಂಡ ತೋಡುವ ಮೊದಲು ಕೋಡಿ ಎಲ್ಲಿ ಎಂದು ಕೇಳಿ

ಜುಲೈ ತಿಂಗಳ ಒಂದು ರಾತ್ರಿ. ಶಿವಮೊಗ್ಗ ಜಿಲ್ಲೆಯ ಒಂದು ಊರು. ನಮ್ಮ ಬಳಗದ ಒಬ್ಬನ ಮನೆಯ ಬಾಗಿಲು ಬಡಿದ ಸದ್ದು. ಎದ್ದು ತೆಗೆದರೆ ಪಕ್ಕದ ಮನೆಯ ದೊಡ್ಡಮ್ಮ. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಟಾರ್ಚು.

"ಏಳೋ ತಮ್ಮಾ, ನಿನ್ನ ಹೊಂಡ ನಮ್ಮ ಕೊಟ್ಟಿಗೆಗೆ ಬಂದು ಮಲಗಿದೆ. ಕರು ನಿಲ್ಲೋಕೂ ಜಾಗ ಇಲ್ಲ."

ಆ ಹೊಂಡ ತೋಡಿದ್ದು ಏಪ್ರಿಲ್‌ನಲ್ಲಿ. ಊರಿಗೆ ಬೇರೆ ಕೆಲಸಕ್ಕೆ ಬಂದಿದ್ದ ಜೆಸಿಬಿಯನ್ನು ಎರಡು ಗಂಟೆ ಹಿತ್ತಲಿಗೆ ಕರೆಸಿ ತೋಡಿಸಿದ್ದ. ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಐದು ಅಡಿ ಆಳ. ಚಾವಣಿ ನೀರಿಗೆ ಪೈಪು ಕೂರಿಸಿ ಹೊಂಡಕ್ಕೆ ಬಿಟ್ಟಿದ್ದ. ಜೂನ್‌ನ ಮೊದಲ ಮಳೆಗೆ ಹೊಂಡದಲ್ಲಿ ಕೆಂಪು ನೀರು ನಿಂತಾಗ ಫೋಟೊ ತೆಗೆದು ಸ್ಟೇಟಸ್ ಹಾಕಿದ್ದ. ನಾವೆಲ್ಲ ಹೆಬ್ಬೆರಳು ಒತ್ತಿದ್ದೆವು. "ಪ್ರತಿ ಮನೆಗೂ ಇಂಥದ್ದೊಂದು ಹೊಂಡ ಬೇಕು" ಎಂದು ನಮ್ಮಲ್ಲೇ ಒಬ್ಬರು ಬರೆದೂ ಇದ್ದರು.

ಆ ರಾತ್ರಿ ಹೊಂಡ ತುಂಬಿತು. ತುಂಬಿದ ನೀರಿಗೆ ಹೋಗಲು ಯಾರೂ ದಾರಿ ತೋರಿಸಿರಲಿಲ್ಲ. ಅದು ತಾನೇ ದಾರಿ ಹುಡುಕಿಕೊಂಡಿತು. ಅರ್ಧ ನೀರು ದೊಡ್ಡಮ್ಮನ ಕೊಟ್ಟಿಗೆಗೆ, ಅರ್ಧ ಅವನದೇ ಅಡುಗೆಮನೆಯ ಗೋಡೆಯ ಬುಡಕ್ಕೆ. ಕೊಟ್ಟಿಗೆಯಲ್ಲಿ ಪೇರಿಸಿಟ್ಟ ಹುಲ್ಲು ನೆನೆಯಿತು. ಅಡುಗೆಮನೆಯ ಗೋಡೆ ದೀಪಾವಳಿಯವರೆಗೂ ಒಣಗಲಿಲ್ಲ.

ಅವನ ಅಮ್ಮ ಏಪ್ರಿಲ್‌ನಲ್ಲೇ ಹೇಳಿದ್ದರಂತೆ: "ಅಲ್ಲಿ ಬೇಡ, ಮಳೆಗಾಲದಲ್ಲಿ ಅಲ್ಲೇ ನೀರು ಹರಿಯೋದು." ಜೆಸಿಬಿಯ ಸದ್ದಿನಲ್ಲಿ ಆ ಮಾತು ಯಾರಿಗೂ ಕೇಳಿಸಲಿಲ್ಲ.

ಆ ಘಟನೆಯ ನಂತರ ನಾವು ಕೂತು ಮಾತಾಡಿದೆವು. ನೀರಿನ ಬಗ್ಗೆ ಬರೆಯುವ ನಾವೆಲ್ಲ ಬರೀ ಅರ್ಧ ಮಾತು ಬರೆಯುತ್ತಿದ್ದೇವೆ ಅನ್ನಿಸಿತು. ಉಳಿದ ಅರ್ಧವನ್ನು ಇಲ್ಲಿ ಹೇಳುತ್ತಿದ್ದೇವೆ.

ಯಾರೂ ಹೇಳದ ನಾಲ್ಕನೇ ಮಾತು

ಓಡುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು. ಈ ಮೂರು ಮಾತು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಬರ ಕಂಡ ರಾಜ್ಯಕ್ಕೆ ಬೇಕಾದ ಮಾತೇ. ನಾವೂ ಒಪ್ಪುತ್ತೇವೆ, ನಮ್ಮ ಮನೆಗಳಲ್ಲೂ ಪಾಲಿಸುತ್ತೇವೆ.

ಆದರೆ ನಿಲ್ಲಿಸಿದ್ದು ತುಂಬಿದರೆ? ಇಂಗುವುದಕ್ಕಿಂತ ಬೇಗ ಬಂದರೆ? ಆಗ ಏನು ಎಂಬ ನಾಲ್ಕನೇ ಮಾತು ಆ ಘೋಷಣೆಯಲ್ಲಿಲ್ಲ. ನಮ್ಮ ಅಭಿಪ್ರಾಯ ಇಷ್ಟೇ: ಮನೆಯ ಹಿತ್ತಲಲ್ಲಿ ಹೊಂಡ ಮಾಡುವವರು ನೀರು ಒಳಗೆ ಬರುವ ದಾರಿಗಿಂತ ಮೊದಲು ಹೊರಗೆ ಹೋಗುವ ದಾರಿಯನ್ನು ಗುರುತು ಮಾಡಬೇಕು. ಆ ದಾರಿ ಎಲ್ಲಿ ಮುಗಿಯುತ್ತದೆ ಎನ್ನುವುದನ್ನು ಕೆಳಗಿನ ಮನೆಯವರೊಂದಿಗೆ ಕೂತು ತೀರ್ಮಾನಿಸಬೇಕು. ಇವೆರಡೂ ಆಗದಿದ್ದರೆ ಹೊಂಡ ತೋಡದಿರುವುದೇ ಮೇಲು.

ಇದು ನಮ್ಮ ಹೊಸ ಕಂಡುಹಿಡಿಕೆ ಏನಲ್ಲ. ನಮ್ಮ ಹಿರಿಯರು ಕೆರೆ ಕಟ್ಟಿದ್ದನ್ನು ನೋಡಿ. ಏರಿ ಇದೆ, ತೂಬು ಇದೆ, ಕೋಡಿ ಇದೆ. ಏರಿ ನೀರು ಹಿಡಿಯಲು, ತೂಬು ಗದ್ದೆಗೆ ಬಿಡಲು, ಕೋಡಿ ಹೆಚ್ಚಾದದ್ದು ಹೋಗಲು. ಕೋಡಿ ಯಾವಾಗಲೂ ಏರಿಯ ತಲೆಗಿಂತ ತಗ್ಗಿನಲ್ಲಿರುತ್ತದೆ. ಅದಕ್ಕೆ ಕಲ್ಲು ಕಟ್ಟಿರುತ್ತಾರೆ. ಕೋಡಿ ಇಲ್ಲದಿದ್ದರೆ ತುಂಬಿದ ಕೆರೆ ಏರಿಯ ಮೇಲೆ ಹರಿಯುತ್ತದೆ, ಏರಿ ಒಡೆಯುತ್ತದೆ. ಕೋಡಿಯಿಂದ ಹೊರಟ ನೀರು ಸುಮ್ಮನೆ ಹಾಳಾಗುವುದೂ ಇಲ್ಲ. ಸಾಲುಕೆರೆಗಳ ಊರುಗಳಲ್ಲಿ ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಗೆ ಆದಾಯ.

ಕೆರೆ ತುಂಬಿದರೆ "ಕೆರೆ ಕೋಡಿ ಬಿತ್ತು" ಎಂದು ಊರೇ ಸಂಭ್ರಮಿಸುತ್ತದೆ, ಬಾಗಿನ ಅರ್ಪಿಸುತ್ತದೆ. ಕೆರೆ ತುಂಬಿದೆ, ಊರಿಗೆ ಅಪಾಯವೂ ಇಲ್ಲ ಎಂಬ ಎರಡು ಸಮಾಧಾನ ಆ ಒಂದು ಮಾತಿನಲ್ಲಿದೆ. ನಾವು ಹಿತ್ತಲಲ್ಲಿ ತೋಡುವ ಹೊಂಡಕ್ಕೆ ಹೊಟ್ಟೆ ಮಾತ್ರ ಇದೆ. ಏರಿ ಇಲ್ಲ, ತೂಬು ಇಲ್ಲ, ಕೋಡಿ ಇಲ್ಲ.

"ಮಳೆಯೇ ಇಲ್ಲದ ಊರಿಗೆ ಕೋಡಿ ಯಾಕೆ?"

ಬಯಲುಸೀಮೆಯ ಗೆಳೆಯರು ಈ ಪ್ರಶ್ನೆ ಕೇಳುತ್ತಾರೆ. "ಮಲೆನಾಡಿಗೆ ಸರಿ ಮಾರಾಯ, ನಮ್ಮ ಹೊಂಡ ತುಂಬಿದರೆ ತಾನೆ ಹೊರಗೆ ಹೋಗೋದು?" ಎನ್ನುತ್ತಾರೆ.

ಅವರಿಗೆ ಅವರ ಕಡೆಯದೇ ಉದಾಹರಣೆ ಕೊಡುತ್ತೇವೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಬೀಳಲೇ ಇಲ್ಲ. ಎರಡು ಮೂರು ತಲೆಮಾರಿನ ಜನ ಆ ಕೋಡಿಯಲ್ಲಿ ನೀರು ನೋಡದೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿತ್ತು, 2025ರಲ್ಲೂ ಬಿತ್ತು. ಬರದ ಸೀಮೆ ಎಂದು ಕೋಡಿ ಬಿಡದೇ ಕಟ್ಟಿದ್ದರೆ ಆ ದಿನ ಏನಾಗುತ್ತಿತ್ತು?

ಬಯಲುಸೀಮೆಯಲ್ಲಿ ಮಳೆ ಕಡಿಮೆ ನಿಜ. ಆದರೆ ಬರುವಾಗ ಒಂದೇ ಸಂಜೆ ಸುರಿದು ಹೋಗುತ್ತದೆ. ತಿಂಗಳ ಮಳೆ ಎರಡು ಗಂಟೆಯಲ್ಲಿ ಮುಗಿದ ದಿನಗಳು ನಿಮಗೂ ನೆನಪಿರಬಹುದು. ಒಣಗಿ ಗಟ್ಟಿಯಾದ ನೆಲ ಆ ರಭಸಕ್ಕೆ ಬೇಗ ನೀರು ಕುಡಿಯುವುದೂ ಇಲ್ಲ. ಎರೆ ಭೂಮಿಯಂತೂ ಮೊದಲು ಬಿರುಕಿನಲ್ಲಿ ಒಂದಿಷ್ಟು ಕುಡಿದು, ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ.

ಒಂದು ಲೆಕ್ಕ ಮಾಡೋಣ

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಚಾವಣಿ ಎಂದರೆ ಸುಮಾರು 93 ಚದರ ಮೀಟರ್.

ತುಮಕೂರು ಕಡೆ ಒಂದು ಸಂಜೆ 60 ಮಿ.ಮೀ. ಮಳೆ ಬಂತು ಅಂದುಕೊಳ್ಳಿ. ಚಾವಣಿಯ ಮೇಲೆ ಬಿದ್ದದ್ದೇ ಐದೂವರೆ ಸಾವಿರ ಲೀಟರ್. ಎರಡು ಗುಂಟೆ ಹಿತ್ತಲಿದ್ದರೆ ಅದರ ಮೇಲೆ ಬಿದ್ದ ಹನ್ನೆರಡು ಸಾವಿರ ಲೀಟರ್ ಬೇರೆ. ಅದರಲ್ಲಿ ಅರ್ಧ ಇಂಗಿದರೂ ಉಳಿದರ್ಧ ಹರಿಯುತ್ತದೆ.

ಇನ್ನು ನಮ್ಮ ಗೆಳೆಯನ ಹೊಂಡ. ಮೇಲೆ ಅಗಲ, ಕೆಳಗೆ ಕಿರಿದು, ದಡ ಇಳಿಜಾರು. ಅದರ ಹೊಟ್ಟೆಗೆ ಹಿಡಿಯುವುದು ಹದಿನೈದು ಸಾವಿರ ಲೀಟರಿಗಿಂತ ಸ್ವಲ್ಪ ಹೆಚ್ಚು. ಮಲೆನಾಡಿನ ಜುಲೈನಲ್ಲಿ ದಿನಕ್ಕೆ 100 ಮಿ.ಮೀ. ಮಳೆ ದೊಡ್ಡ ಸುದ್ದಿಯಲ್ಲ. ಅವನ ಚಾವಣಿಯಿಂದ ದಿನಕ್ಕೆ ಒಂಬತ್ತು ಸಾವಿರ ಲೀಟರ್ ಬಂತು. ಎರಡು ದಿನಕ್ಕೆ ಹೊಂಡ ಭರ್ತಿ. ಹೊತ್ತಿಗೆ ನೆಲವೂ ತುಂಬ ನೀರು ಕುಡಿದು ಕೂತಿರುತ್ತದೆ, ಇಂಗುವುದು ಅಷ್ಟಕ್ಕಷ್ಟೆ. ಮೂರನೇ ದಿನದಿಂದ ಒಳಗೆ ಬಂದ ಪ್ರತಿ ಕೊಡ ನೀರಿಗೂ ಒಂದು ಕೊಡ ಹೊರಗೆ ಹೋಗಲೇಬೇಕು. ಮಳೆಗಾಲ ಇನ್ನೂ ಎರಡು ತಿಂಗಳು ಬಾಕಿ.

ಈ ಲೆಕ್ಕ ಏಪ್ರಿಲ್‌ನಲ್ಲಿ ಮಾಡಿದ್ದರೆ ಜುಲೈನಲ್ಲಿ ದೊಡ್ಡಮ್ಮ ಬಾಗಿಲು ಬಡಿಯಬೇಕಿರಲಿಲ್ಲ. ನಿಮ್ಮ ಚಾವಣಿಯ ಅಳತೆ ನಿಮಗೆ ಗೊತ್ತು, ನಿಮ್ಮ ಊರಿನ ಮಳೆಯ ಬಿರುಸೂ ಗೊತ್ತು. ಒಂದು ಕಾಗದದ ಮೇಲೆ ಐದು ನಿಮಿಷದ ಕೆಲಸ.

ಹಿತ್ತಲಿನ ನೀರನ್ನು ಬಲ್ಲವರು ಯಾರು?

ಲೆಕ್ಕಕ್ಕಿಂತ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ಕಾಲು ಗಂಟೆ ನಿಲ್ಲಿ. ಸಿಡಿಲು ಇದ್ದರೆ ಬೇಡ, ಬಾಗಿಲಲ್ಲೇ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಬೇಲಿ ದಾಟುತ್ತದೆ. ಮಳೆ ನಿಂತ ಮೇಲೆ ಆ ಜಾಗಗಳಿಗೆ ಒಂದೊಂದು ಗೂಟ ನೆಡಿ. ಬೇಸಿಗೆಯಲ್ಲಿ ಯಾರು ಎಷ್ಟೇ ಹೇಳಿದರೂ ಕಾಣದ ಇಳಿಜಾರು ಮಳೆಯಲ್ಲಿ ಕಾಣುತ್ತದೆ. ಮಳೆಗಾಲದವರೆಗೆ ಕಾಯಲು ಆಗದಿದ್ದರೆ ಗಾರೆ ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪು ಸಾಕು. ಅದರಲ್ಲಿ ನೀರು ತುಂಬಿ ಹಿಡಿದರೆ ಅರ್ಧ ಇಂಚಿನ ಏರುತಗ್ಗೂ ಗೊತ್ತಾಗುತ್ತದೆ.

ಇದಕ್ಕಿಂತ ಸುಲಭದ ದಾರಿಯೂ ಇದೆ. ಮನೆಯ ಹೆಂಗಸರನ್ನು ಕೇಳುವುದು. ಪಾತ್ರೆ ತೊಳೆಯಲು, ಸಗಣಿ ಎತ್ತಲು, ಬಟ್ಟೆ ಹರವಲು ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗುವವರು ಅವರು. ಎಲ್ಲಿ ಕಾಲು ಹೂಳುತ್ತದೆ, ಎಲ್ಲಿ ಪಾಚಿಗೆ ಜಾರುತ್ತದೆ ಎಂದು ಅವರಿಗೆ ಗೊತ್ತು. ಆದರೆ ಹೊಂಡ ಎಲ್ಲಿ ಎಂದು ತೀರ್ಮಾನ ಮಾಡುವವರು ಗಂಡಸರು ಮತ್ತು ಜೆಸಿಬಿ ಡ್ರೈವರ್. ನೀರು ನುಗ್ಗಿದ ಮೇಲೆ ಅದನ್ನು ಬಾಚಿ ಹೊರಗೆ ಹಾಕುವವರು ಮತ್ತೆ ಹೆಂಗಸರೇ. ಇದು ನಮಗೆ ನ್ಯಾಯವಾಗಿ ಕಾಣುವುದಿಲ್ಲ.

ಕೋಡಿ ಮಾಡುವುದು ಹೇಗೆ

ನಾವು ಹಲವು ಹಿತ್ತಲು ನೋಡಿ, ನಮ್ಮ ಮನೆಗಳಲ್ಲಿ ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇವೆ.

ಮನೆಯ ಗೋಡೆಯಿಂದ ನೆಲ ಹೊರಗೆ ಇಳಿಯುತ್ತಿರಬೇಕು. ಹತ್ತು ಅಡಿ ದೂರ ಹೋಗುವಷ್ಟರಲ್ಲಿ ಅರ್ಧ ಅಡಿ ಇಳಿದಿದ್ದರೆ ಗೋಡೆಯ ಬುಡದಲ್ಲಿ ನೀರು ನಿಲ್ಲುವುದಿಲ್ಲ. ಹೊಂಡ ಅದಕ್ಕೂ ಆಚೆ ಇರಲಿ, ಮನೆಗಿಂತ ತಗ್ಗಿನ ಕಡೆ ಇರಲಿ. ಹೊಂಡದಿಂದ ತೆಗೆದ ಮಣ್ಣನ್ನು ಮನೆ ಮತ್ತು ಹೊಂಡದ ನಡುವೆ ಹಾಕಿ ಎತ್ತರ ಮಾಡಿಕೊಳ್ಳಬಹುದು. ಬಹಳ ಜನ ಆ ಮಣ್ಣನ್ನು ಹೊಂಡದ ಕೆಳಬದಿಗೆ ಸುರಿದು, ನೀರು ಮನೆಯ ಕಡೆ ತಿರುಗುವಂತೆ ತಾವೇ ಮಾಡಿಕೊಳ್ಳುತ್ತಾರೆ.

ನೀರು ಹೊಂಡಕ್ಕೆ ಬೀಳುವ ಮೊದಲು ಎರಡು ಅಡಿಯ ಒಂದು ಹೂಳು ಗುಂಡಿ ಇರಲಿ. ಕಸ, ಎಲೆ, ಮಣ್ಣು ಅಲ್ಲೇ ಕೂರುತ್ತದೆ. ಅದನ್ನು ಬಾಚುವುದು ಸುಲಭ, ಹೊಂಡದ ಹೂಳೆತ್ತುವುದು ಕಷ್ಟ.

ಕೋಡಿಯ ಬಾಯಿ ಹೊಂಡದ ದಡಕ್ಕಿಂತ ಒಂದು ಅಡಿ ಕೆಳಗಿರಲಿ. ಒಳಗೆ ಬರುವ ದಾರಿಗಿಂತ ಹೊರಗೆ ಹೋಗುವ ದಾರಿ ಅಗಲವಾಗಿರಲಿ. ನಾಲ್ಕು ಇಂಚಿನ ಪೈಪಿನಲ್ಲಿ ಬಂದ ನೀರಿಗೆ ನಾಲ್ಕು ಇಂಚಿನ ಪೈಪೇ ಸಾಕು ಎಂದು ಲೆಕ್ಕ ಹೇಳುತ್ತದೆ. ಆದರೆ ಒಂದು ಹಲಸಿನ ಎಲೆ, ಒಂದು ತೆಂಗಿನ ಸಿಪ್ಪೆ ಅಡ್ಡ ಕೂತರೆ ಲೆಕ್ಕ ಮುಗಿಯಿತು. ಪೈಪಿಗಿಂತ ತೆರೆದ ಕಾಲುವೆ ಒಳ್ಳೆಯದು. ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತದೆ, ಹಾರೆಯಿಂದ ಬಿಡಿಸಬಹುದು. ನೀರು ಬೀಳುವ ಜಾಗಕ್ಕೆ ನಾಲ್ಕು ಕಲ್ಲು ಹಾಸಿದರೆ ಮಣ್ಣು ಕೊರೆಯುವುದಿಲ್ಲ.

ಕೋಡಿಯ ನೀರು ಹೋಗುವ ಕಾಲುವೆಯ ಬದಿಗೆ ಲಾವಂಚ ಹಾಕಿದರೆ ದಡ ಹಿಡಿಯುತ್ತದೆ. ಒಳಗೆ ಕೆಸುವು ಹಾಕಬಹುದು, ಒದ್ದೆ ನೆಲ ಅದಕ್ಕೆ ಇಷ್ಟ. ಸ್ವಲ್ಪ ಎತ್ತರದಲ್ಲಿ ಬಾಳೆ. ಹೀಗೆ ಗಿಡಗಳ ನಡುವೆ ನಿಧಾನಕ್ಕೆ ಹೋದ ನೀರು ಇಂಗುತ್ತಾ ಹೋಗುತ್ತದೆ. ಉಳಿದದ್ದು ಹಳ್ಳಕ್ಕೋ, ಊರ ಚರಂಡಿಗೋ ಸೇರಲಿ.

ಹಿತ್ತಲಿನ ಗಿಡಗಳಿಗೂ ಇದು ಬೇಕು. ಪಪ್ಪಾಯಿ ಗಿಡದ ಬುಡದಲ್ಲಿ ಎರಡು ದಿನ ನೀರು ನಿಂತರೆ ಗಿಡ ಹೋದ ಹಾಗೆ. ಶುಂಠಿಗೆ ಗೆಡ್ಡೆ ಕೊಳೆ, ಕಾಳುಮೆಣಸಿಗೆ ಸೊರಗು ರೋಗ ಬರುವುದು ನೀರು ನಿಂತಲ್ಲೇ ಹೆಚ್ಚು. ಅಡಿಕೆ ತೋಟದವರಿಗೆ ಇದನ್ನು ನಾವು ಹೇಳಿಕೊಡಬೇಕಿಲ್ಲ. ಮಳೆಗಾಲಕ್ಕೆ ಮೊದಲು ಬಸಿಗಾಲುವೆ ಕೀಸದ ತೋಟ ಏನಾಗುತ್ತದೆ ಎಂದು ಅವರಿಗೆ ಗೊತ್ತು. ವಿಚಿತ್ರ ಎಂದರೆ, ತೋಟದಲ್ಲಿ ವರ್ಷ ವರ್ಷ ಬಸಿಗಾಲುವೆಗೆ ಆಳು ಹಾಕುವವರೇ ಮನೆಯ ಹಿತ್ತಲಿಗೆ ಅರ್ಧ ದಿನದ ಕೆಲಸ ಮಾಡಿಸುವುದಿಲ್ಲ. ತರಕಾರಿಯನ್ನು ಮಳೆಗಾಲದಲ್ಲಿ ಏರುಮಡಿಯ ಮೇಲೆ, ಬೇಸಿಗೆಯಲ್ಲಿ ತಗ್ಗಿನ ಪಾತಿಯಲ್ಲಿ ಬೆಳೆಯುವ ಹಳೆಯ ಕ್ರಮವೂ ಇದೇ ಬುದ್ಧಿಯದು.

ಗುಡ್ಡ ಕಡಿದು ಮನೆ ಕಟ್ಟಿಕೊಂಡವರಿಗೆ ಒಂದು ಎಚ್ಚರಿಕೆಯ ಮಾತು. ಮನೆಯ ಮೇಲ್ಬದಿಯಲ್ಲಿ ಇಂಗುಗುಂಡಿ, ಹೊಂಡ ಎರಡೂ ಬೇಡ. ನೀರು ಕುಡಿದ ಗುಡ್ಡ ಏನು ಮಾಡುತ್ತದೆ ಎನ್ನುವುದನ್ನು 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಎಲ್ಲರೂ ನೋಡಿದ್ದೇವೆ. ಅಂಥಲ್ಲಿ ಮೇಲಿನ ನೀರನ್ನು ಬದಿಯ ಕಾಲುವೆಯಲ್ಲಿ ಸುತ್ತಿಸಿ ಕೆಳಗೆ ತರುವುದೇ ಕ್ಷೇಮ.

ಬಚ್ಚಲು ನೀರಿನ ದಾರಿ ಬೇರೆ

ಮಳೆ ನೀರಿನ ಹೊಂಡಕ್ಕೆ ಬಚ್ಚಲು ನೀರು ಬಿಡಬೇಡಿ. ಸೋಪು, ಎಣ್ಣೆ, ಅನ್ನದ ಅಗುಳು ಸೇರಿದ ನೀರು ನಾಲ್ಕು ದಿನಕ್ಕೆ ನಾರುತ್ತದೆ.

ಈ ನೀರು ಈಗ ಮೊದಲಿಗಿಂತ ಹೆಚ್ಚಾಗಿದೆ. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನ ಗುರಿ ಪ್ರತಿ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು. ಐದು ಜನರ ಮನೆಗೆ 275 ಲೀಟರ್. ಕುಡಿಯಲು, ಅಡುಗೆಗೆ ಹೋದದ್ದು ಬಿಟ್ಟರೆ ಹೆಚ್ಚಿನದೆಲ್ಲ ಬಚ್ಚಲಿಂದ ಹೊರಗೆ ಬರುತ್ತದೆ. ದಿನಕ್ಕೆ ಇನ್ನೂರು ಲೀಟರ್ ಎಂದರೂ ತಿಂಗಳಿಗೆ ಆರು ಸಾವಿರ. ಬಾವಿಯಿಂದ ಸೇದಿ ಹೊತ್ತು ತರುವ ಕಾಲದಲ್ಲಿ ನೀರು ಲೆಕ್ಕದಲ್ಲಿ ಬರುತ್ತಿತ್ತು, ಲೆಕ್ಕದಲ್ಲಿ ಹೋಗುತ್ತಿತ್ತು. ನಲ್ಲಿ ಬಂದದ್ದು ಒಳ್ಳೆಯದೇ, ಎಷ್ಟೋ ಹೆಂಗಸರ ಸೊಂಟ ಉಳಿಯಿತು. ಆದರೆ ನೀರು ತರುವ ಪೈಪು ಬಂತು, ನೀರು ಒಯ್ಯುವ ಕಾಲುವೆ ಬರಲಿಲ್ಲ.

ಬಚ್ಚಲು ನೀರಿಗೆ ಒಂದು ಸಣ್ಣ ಹೂಳು ಗುಂಡಿ, ಆಮೇಲೆ ಬಾಳೆ, ಕೆಸುವು, ಕಾಬಾಳೆಯ ಒಂದು ಪಾತಿ. ಉಳಿದರೆ ಕಲ್ಲು ತುಂಬಿದ ಬಚ್ಚಲು ಗುಂಡಿ. ಉದ್ಯೋಗ ಖಾತರಿಯಲ್ಲಿ ನಮ್ಮ ಊರುಗಳಲ್ಲಿ ಇಂಥ ಗುಂಡಿಗಳು ಎಷ್ಟೋ ಆದವು. ಕೆಲವು ಚೆನ್ನಾಗಿವೆ. ಕೆಲವು ಎರೆ ಮಣ್ಣಿನಲ್ಲಿ ತೋಡಿ, ಇಂಗದೆ ತುಂಬಿಕೊಂಡು ಸೊಳ್ಳೆಯ ಮನೆಯಾಗಿವೆ. ಗುಂಡಿ ತೋಡಿದ ದಿನ ಅದಕ್ಕೆ ನಾಲ್ಕು ಬಿಂದಿಗೆ ನೀರು ಸುರಿದು, ಮರುದಿನ ಬೆಳಿಗ್ಗೆ ಎಷ್ಟು ಉಳಿದಿದೆ ಎಂದು ನೋಡಿ. ಹಾಗೇ ಇದ್ದರೆ ಆ ಜಾಗ ಇಂಗುವುದಕ್ಕಲ್ಲ, ಗಿಡಕ್ಕೆ ಹರಿಸಿ ಬಿಡುವುದೇ ದಾರಿ. ಜಂಬಿಟ್ಟಿಗೆ ನೆಲದಲ್ಲಿ ಇದರ ಉಲ್ಟಾ. ಹಾಕಿದ್ದೆಲ್ಲ ಕ್ಷಣದಲ್ಲಿ ಮಾಯ. ಖುಷಿ ಪಡಬೇಡಿ, ಅದು ಪಕ್ಕದ ಬಾವಿಗೆ ಹೋಗುತ್ತಿರಬಹುದು. ಕುಡಿಯುವ ಬಾವಿಯಿಂದ ಬಚ್ಚಲು ಗುಂಡಿ ಕನಿಷ್ಠ ಐವತ್ತು ಅಡಿ ದೂರ ಇರಲಿ. ಶೌಚಾಲಯದ ಗುಂಡಿ ಮತ್ತು ಮಳೆ ಹೊಂಡ ಅಕ್ಕಪಕ್ಕ ಬೇಡವೇ ಬೇಡ.

ಸೊಳ್ಳೆಗಿಂತ ದೊಡ್ಡ ಭಯ

ಸೊಳ್ಳೆಯ ಮಾತು ಬಂತು. ಡೆಂಗಿ ಹರಡುವ ಸೊಳ್ಳೆ ಕೊಳಕು ನೀರಿಗಿಂತ ನಿಂತ ತಿಳಿ ನೀರನ್ನು ಇಷ್ಟಪಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ವಾರ, ಹತ್ತು ದಿನ ಸಾಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ಎಂದಿತು. ಮೀನಿರುವ ಹೊಂಡದಲ್ಲಿ ಸೊಳ್ಳೆ ಮರಿ ಉಳಿಯುವುದು ಕಷ್ಟ. ಲಾರ್ವಾ ತಿನ್ನುವ ಗಪ್ಪಿ ಮೀನು ಸಿಗುತ್ತದೆಯೇ ಎಂದು ನಿಮ್ಮ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅಂಥ ಮೀನು ನಿಮ್ಮ ಹೊಂಡದಲ್ಲೇ ಇರಲಿ, ಹಳ್ಳಕ್ಕೆ ಬಿಡಬೇಡಿ, ಕೋಡಿಯ ಬಾಯಿಗೆ ಜಾಲರಿ ಹಾಕಿ. ಆ ಜಾಲರಿಗೆ ಕಸ ಕಟ್ಟಿಕೊಂಡಿದೆಯೇ ಎಂದು ದಿನಾ ಒಮ್ಮೆ ನೋಡಿ. ನಿಜವಾದ ತೊಂದರೆ ಇರುವುದು ಹೊಂಡದ ಸುತ್ತಲಿನ ಗುಳಿ, ಹಳೆ ಟೈರು, ತೆಂಗಿನ ಚಿಪ್ಪಿನಲ್ಲಿ.

ಸೊಳ್ಳೆಗಿಂತ ದೊಡ್ಡ ಭಯ ಮಕ್ಕಳದು. 2014ರಲ್ಲಿ ಕೃಷಿಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳು ಬಂದವು. ಬೆಳೆ ಉಳಿಸಿದವು, ನಿಜ. ಆದರೆ ಆ ಹಾಳೆಗೆ ಪಾಚಿ ಕಟ್ಟಿದರೆ ಜಾರಿದ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ. ರಜೆಯಲ್ಲಿ ಈಜಲು ಹೋದ ಮಕ್ಕಳು, ನೀರು ಕುಡಿಯಲು ಬಗ್ಗಿದ ಮಗು, ಎತ್ತಲು ಹೋದ ತಾಯಿ. ಇಂಥ ಸುದ್ದಿಗಳನ್ನು ವರದಿ ಮಾಡಿ ನಮಗೂ ಕೈ ನಡುಗಿದೆ. ಆಮೇಲೆ ಯೋಜನೆಗೆ ತಂತಿ ಬೇಲಿಯೂ ಸೇರಿತು. ಆದರೆ ಸ್ವಂತ ದುಡ್ಡಿನಲ್ಲಿ ಹಿತ್ತಲಲ್ಲಿ ತೋಡಿಕೊಂಡ ಹೊಂಡಕ್ಕೆ ಯಾರು ಬಂದು ಬೇಲಿ ಕಟ್ಟುತ್ತಾರೆ?

ಈ ವಿಷಯದಲ್ಲಿ ನಮ್ಮ ಮಾತು ಖಡಕ್ಕಾಗಿಯೇ ಇರುತ್ತದೆ. ಬೇಲಿಗೆ ದುಡ್ಡಿಲ್ಲದಿದ್ದರೆ ಹೊಂಡಕ್ಕೂ ದುಡ್ಡಿಲ್ಲ ಎಂದೇ ಅರ್ಥ. ಮನೆಯ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಬೇಡಿ. ದಡ ಇಳಿಜಾರಾಗಿರಲಿ, ಒಂದು ಬದಿಗೆ ಮೆಟ್ಟಿಲು ಇರಲಿ, ಗಟ್ಟಿ ಹಗ್ಗಕ್ಕೆ ಹಳೆ ಟ್ಯೂಬು ಕಟ್ಟಿ ಇಟ್ಟಿರಲಿ. ಕೋಡಿ ಇದ್ದರೆ ಇಲ್ಲಿಯೂ ಉಪಕಾರ. ನೀರು ಎಷ್ಟರ ಮೇಲೆ ಏರುವುದಿಲ್ಲ ಎಂದು ಗೊತ್ತಿರುತ್ತದೆ, ದಡ ಕುಸಿಯುವುದಿಲ್ಲ.

ನನ್ನ ಕೋಡಿ, ನಿನ್ನ ಅಂಗಳ

ಕೊನೆಗೆ ಕಷ್ಟದ ಮಾತು. ಕೋಡಿ ನೀರು ಎಲ್ಲಿಗೆ ಹೋಗಬೇಕು? ಹಳ್ಳಿಯಲ್ಲಿ ನಮ್ಮ ಹಿತ್ತಲು ಮುಗಿದಲ್ಲಿ ಇನ್ನೊಬ್ಬರ ಅಂಗಳ ಶುರು.

ಕಾನೂನಿನಲ್ಲಿ ಒಂದು ತತ್ವವಿದೆ. 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಬರೆದದ್ದು: ಮೇಲಿನ ಜಮೀನಿನ ಮೇಲೆ ಬಿದ್ದ ಮಳೆ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನ ಜಮೀನಿನವರು ಬಿಟ್ಟುಕೊಡಬೇಕು. "ಸಹಜವಾಗಿ" ಎಂಬ ಮಾತು ಗಮನಿಸಿ. ಚಾವಣಿ ನೀರೆಲ್ಲ ಒಂದು ಪೈಪಿಗೆ ಕೂಡಿಸಿ, ಹೊಂಡ ತುಂಬಿಸಿ, ಒಂದೇ ಕಡೆಯಿಂದ ಪಕ್ಕದವರ ಬೇಲಿಯೊಳಗೆ ನುಗ್ಗಿಸುವುದು ಸಹಜವಲ್ಲ. ಹಾಗೆಂದು ಕೋರ್ಟಿಗೆ ಹೋಗಿ ಎಂದು ನಾವು ಹೇಳುತ್ತಿಲ್ಲ. ನೀರಿನ ಜಗಳ ಕೋರ್ಟಿಗೆ ಹೋದರೆ ಎರಡು ಮನೆಯ ಮಕ್ಕಳು ದೊಡ್ಡವರಾದರೂ ಮುಗಿಯುವುದಿಲ್ಲ. ಬೇಸಿಗೆಯಲ್ಲಿ, ನೀರಿಲ್ಲದಾಗ, ಸಿಟ್ಟೂ ಇಲ್ಲದಾಗ, ಎರಡು ಮನೆಯವರು ಬೇಲಿಯ ಹತ್ತಿರ ನಿಂತು ಮಾತಾಡಿ ಎನ್ನುತ್ತಿದ್ದೇವೆ.

ಪಂಚಾಯಿತಿಗೂ ಒಂದು ಪ್ರಶ್ನೆ ಇದೆ. ಕಾಂಕ್ರೀಟ್ ರಸ್ತೆಯ ಮೇಲೆ ಮತ್ತೆ ಕಾಂಕ್ರೀಟ್ ಹಾಕಿ ರಸ್ತೆ ಏರುತ್ತದೆ, ಅಂಗಳ ತಗ್ಗಾಗುತ್ತದೆ. ಚರಂಡಿ ನಾಲ್ಕು ಮನೆ ಮುಂದೆ ಇರುತ್ತದೆ, ಐದನೇ ಮನೆ ಮುಂದೆ ನಿಂತುಬಿಡುತ್ತದೆ. ಆ ಐದನೇ ಮನೆ ಹೆಚ್ಚಾಗಿ ಬಡವರದ್ದು, ಊರ ತಗ್ಗಿನಲ್ಲಿರುವ ಕೇರಿಯವರದ್ದು. ಮೇಲಿನವರು ನೀರು ಹೊರಗೆ ಹಾಕಿದ ಮಾತ್ರಕ್ಕೆ ಊರು ಸ್ವಚ್ಛವಾಗುವುದಿಲ್ಲ, ನೀರು ಬಡವರ ಬಾಗಿಲಿಗೆ ಹೋಗಿರುತ್ತದೆ ಅಷ್ಟೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಎಂದು ಕಾಯ್ದೆಯಿದೆ. ಮುಂದಿನ ಸಭೆಯಲ್ಲಿ ಚರಂಡಿ ಕೆಲಸದ ಮಾತು ಬಂದಾಗ ಒಂದೇ ಪ್ರಶ್ನೆ ಕೇಳಿ: "ಈ ಚರಂಡಿ ಎಲ್ಲಿಗೆ ಮುಗಿಯುತ್ತದೆ?" ಉತ್ತರ ಇಲ್ಲದಿದ್ದರೆ ಆ ಕೆಲಸಕ್ಕೆ ಒಪ್ಪಬೇಡಿ. ಮನೆಯ ಹೊಂಡಕ್ಕೂ ಊರ ಚರಂಡಿಗೂ ಅನ್ವಯಿಸುವುದು ಅದೇ ಪ್ರಶ್ನೆ.

ನಮ್ಮ ಗೆಳೆಯ ಏನು ಮಾಡಿದ ಎಂದು ಹೇಳಿ ಮುಗಿಸುತ್ತೇವೆ. ಮರುದಿನ ಬೆಳಿಗ್ಗೆ ಅವನು ಎರಡು ಹೊರೆ ಒಣ ಹುಲ್ಲು ಹೊತ್ತುಕೊಂಡು ದೊಡ್ಡಮ್ಮನ ಕೊಟ್ಟಿಗೆಗೆ ಹೋದ. ಆ ಮಳೆಗಾಲ ಹೇಗೋ ಚಾವಣಿಯ ಪೈಪು ತಿರುಗಿಸಿ ಕಳೆದರು. ಮುಂದಿನ ಬೇಸಿಗೆಯಲ್ಲಿ ಅವನು, ಅವನ ಅಮ್ಮ, ದೊಡ್ಡಮ್ಮನ ಮಗ ಮೂವರೂ ಸೇರಿ ಬೇಲಿಯ ಗುಂಟ ಒಂದೂವರೆ ಅಡಿಯ ಕಾಲುವೆ ತೆಗೆದರು. ಅಮ್ಮ ಮುಂದೆ ನಡೆದರು, ಅವರು ತೋರಿಸಿದ ಕಡೆ ಇವರು ಅಗೆದರು. ಕಾಲುವೆ ಎರಡೂ ಮನೆಯ ನೀರು ಹೊತ್ತು ಹಿಂದಿನ ಹಳ್ಳಕ್ಕೆ ಸೇರುತ್ತದೆ. ಹೊಂಡದ ಒಂದು ಮೂಲೆ ಒಂದಡಿ ಕಡಿದು ಕಲ್ಲು ಹಾಸಿದರು. ಸುತ್ತ ಬಿದಿರಿನ ಬೇಲಿ ಹಾಕಿದರು. ಕಾಲುವೆಯ ಬದಿಗೆ ಕೆಸುವು ಹಾಕಿದ್ದು ದೊಡ್ಡಮ್ಮ.

ಮಳೆಗಾಲದಲ್ಲಿ ಹೊಂಡ ಮತ್ತೆ ತುಂಬಿತು. ದೊಡ್ಡಮ್ಮ ಈ ಸಲವೂ ಬಾಗಿಲಿಗೆ ಬಂದರು. ಕೈಯಲ್ಲಿ ಪತ್ರೊಡೆಯ ಪಾತ್ರೆ ಇತ್ತು.

"ಕೋಡಿ ಬಿದ್ದಿದೆ ನೋಡಿದ್ಯೇನೋ ತಮ್ಮಾ?" ಎಂದರು.

ಇನ್ನು ಕೆಲವೇ ದಿನದಲ್ಲಿ ನಿಮ್ಮ ಊರಿಗೂ ಜೆಸಿಬಿ ಬರಬಹುದು. ಅದು ಹಿತ್ತಲಿಗೆ ಇಳಿಯುವ ಮೊದಲು ಅಮ್ಮನನ್ನು ಒಮ್ಮೆ ಕೇಳಿ, ಪಕ್ಕದ ಮನೆಯವರನ್ನು ಒಮ್ಮೆ ಕರೆಯಿರಿ. ಕೋಡಿಯ ಜಾಗಕ್ಕೆ ಒಂದು ಗೂಟ ನೆಟ್ಟ ಮೇಲೆ ಹೊಂಡ ತೋಡಿಸಿ.